ಟಾರ್ಪಾಲಿನಡಿಯ ಕೋಳಿ

ಪರದೆಯ ಮೇಲೆ ನ್ಯಾಯಾಧೀಶ ಕಕ್ಕಸಿನಲ್ಲಿ ಕೂತಿದ್ದ. ಕಕ್ಕಸಿಗೆ ಬಾಗಿಲಿರಲಿಲ್ಲ, ಮನೆಗೂ ಇರಲಿಲ್ಲ. ಹಿಮ ಬಿದ್ದ ಬೀದಿಯಲ್ಲಿ ಹೋಗುತ್ತಿದ್ದ ಹೆಂಗಸೊಬ್ಬಳು ನಿಂತು, ಒಳಗೆ ಇಣುಕಿ, "ನಮಸ್ಕಾರ ಸಾರ್" ಅಂದಳು. ಅವನು ಪೇಪರನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡು, ಕೋರ್ಟಿನಲ್ಲಿ ಕೂತಾಗಿನ ಗತ್ತಿನಲ್ಲೇ ತಲೆಯಾಡಿಸಿದ. ನಗಬೇಕಾದ ಜಾಗ ಅದು. ನೋಲೀನ್‌ಗೆ ನಗೆ ಹೊಟ್ಟೆಯಲ್ಲೆದ್ದು ಗಂಟಲವರೆಗೂ ಬಂತು, ಅಲ್ಲೇ ನಿಂತಿತು. ಯಾಕೆಂದರೆ ಕೂಲ್‌ಬಿನ್ ಊರಿನ ಆ ತಗಡಿನ ಸಭಾಭವನದಲ್ಲಿ ಒಬ್ಬರೂ ನಗಲಿಲ್ಲ. ಕುರ್ಚಿಗಳು ಮಾತ್ರ ಕಿರುಗುಟ್ಟಿದವು. ಎಲ್ಲರೂ ಪರದೆ ಬಿಟ್ಟು ಮೂರನೇ ಸಾಲಿನ ಅಂಚಿನಲ್ಲಿ ಕೂತಿದ್ದ ಅವಳ ಕಿವಿ, ಕೆನ್ನೆ, ಕತ್ತಿನ ಹಿಂಭಾಗ ನೋಡುತ್ತಿದ್ದಾರೆಂದು ಅವಳಿಗೆ ತಿರುಗಿ ನೋಡದೆಯೇ ಗೊತ್ತಾಯಿತು. ಹಿಂದಿನ ಸಾಲಿನಲ್ಲಿ ಮರ್ವ್ ಮುದುಕನ ನಗೆ ಮೂಗಿನಿಂದ ಹೊರಬಿದ್ದುಬಿಟ್ಟಿತು. ಅವನು ಅದನ್ನು ಕೆಮ್ಮಾಗಿ ತಿರುಗಿಸಿ ಎಷ್ಟು ಹೊತ್ತು ಕೆಮ್ಮಿದನೆಂದರೆ ಯಾರೋ ಎದ್ದು ಹೋಗಿ ನೀರು ತಂದುಕೊಟ್ಟರು. ವಿಧವೆಯ ಮುಖ ಊರಿನ ಆಸ್ತಿ ಅನ್ನುವುದು ನೋಲೀನ್‌ಗೆ ಗಂಡ ಸತ್ತ ವಾರವೇ ಅರ್ಥವಾಗಿತ್ತು. ಆದರೆ ಊರಿಗೆ ಊರೇ ನಗಲು ತನ್ನ ಅಪ್ಪಣೆ ಕಾಯುತ್ತದೆ ಅಂತ ಮಾತ್ರ ಇವತ್ತು ಗೊತ್ತಾಗುತ್ತಿತ್ತು. ಅಲ್ಲಿ ನಡುಬೇಸಿಗೆಯಾದ ಫೆಬ್ರವರಿಯ ಮಧ್ಯಾಹ್ನ, ತಗಡು ಕಾದು ಟಿಕ್ ಟಿಕ್ ಅನ್ನುತ್ತಿತ್ತು, ಬೆನ್ನಿಗೆ ಅಂಗಿ ಅಂಟಿಕೊಂಡಿತ್ತು, ಪರದೆಯಲ್ಲಿ ನೋಡಿದರೆ ಮೊಣಕಾಲುದ್ದ ಹಿಮ.

ತಿಂಗಳಿಗೊಂದು ಭಾನುವಾರ ಸಿನಿಮಾ ತರಿಸುವ ಕೆಲಸ ಕೋರಲ್‌ಳದು. ಭವನದ ಬೀಗದ ಕೈಯೂ ಅವಳದೇ, ಊರಿನ ತೀರ್ಮಾನಗಳೂ ಹೆಚ್ಚುಕಡಿಮೆ ಅವಳವೇ. ಹದಿನೈದು ದಿನದ ಹಿಂದೆ ಅವಳು ನೋಲೀನ್ ಮನೆಗೆ ಬಂದು, ಬಾಗಿಲಲ್ಲೇ ನಿಂತು, ಸಾವಿನ ಮನೆಗೆ ಬಂದವರ ದನಿಯಲ್ಲಿ ಕೇಳಿದ್ದಳು.

"ಗಂಡ ಸಾಯ್ತಾನಂತೆ ಕಣೇ, ಶುರುವಲ್ಲೇ. ಆಮೇಲೆ ಹೆಂಡ್ತಿ ಊರೋರ ಮೇಲೆಲ್ಲ ಸೇಡು ತೀರಿಸ್ಕೊಳ್ತಾಳಂತೆ. ಆದ್ರೂ ನಗು ಬರೋ ಸಿನಿಮಾ ಅಂತೆ. ನಿಂಗೆ ಬೇಡ ಅನ್ಸಿದ್ರೆ ಹೇಳ್ಬಿಡು, ಕುದುರೆ ಸಿನಿಮಾ ಒಂದಿದೆ, ಅದನ್ನೇ ಹಾಕ್ತೀವಿ."

"ಕುದುರೆ ಸಾಯಲ್ವಾ ಅದ್ರಲ್ಲಿ?"

ಕೋರಲ್ ಸ್ವಲ್ಪ ಯೋಚಿಸಿದಳು. "ಸಾಯುತ್ತೆ. ಆದ್ರೆ ಕೊನೇಲಿ."

"ಇದನ್ನೇ ಹಾಕಿ. ನಾನೇನು ಗಾಜಿನ ಬೊಂಬೇನಾ?" ಅಂದಿದ್ದಳು ನೋಲೀನ್. ಆಗ ಬಾಯಿಗೆ ಬಂದ ಧೈರ್ಯ ಈಗ ಕುರ್ಚಿಯಲ್ಲಿ ಕೂತಾಗ ಎಲ್ಲಿ ಹೋಯಿತೋ. ಸಿನಿಮಾದ ವಿಧವೆ ಸ್ಕ್ರೂಡ್ರೈವರ್ ಹಿಡಿದು ಮನೆಮನೆಗೆ ಹೋಗುತ್ತಿದ್ದಳು. ಹಿಮ ತೆಗೆಯುವ ಗಾಡಿಯನ್ನು ಕುಡಿದು ಓಡಿಸಿ ಅವಳ ಗಂಡನನ್ನು ಕೊಂದವನು ನ್ಯಾಯಾಧೀಶನ ಅಳಿಯ. ಕೋರ್ಟಿನಲ್ಲಿ ಊರವರೆಲ್ಲ ನಾವೇನೂ ನೋಡಿಲ್ಲ ಅಂದರು. ಏನೂ ನೋಡದವರಿಗೆ ಬಾಗಿಲು ಯಾಕೆ, ಇನ್ನು ಮೇಲೆ ಎಲ್ಲವನ್ನೂ ನೋಡಿಕೊಂಡಿರಲಿ ಅಂತ ಅವಳು ಒಂದೊಂದೇ ಮನೆಯ ಬಾಗಿಲು ಬಿಚ್ಚಿ ತಂದು ತನ್ನ ಕೊಟ್ಟಿಗೆಯಲ್ಲಿ ಪೇರಿಸುತ್ತಿದ್ದಳು. ಎಷ್ಟು ಚೆಂದದ ಶಿಕ್ಷೆ ಅನ್ನಿಸಿತು ನೋಲೀನ್‌ಗೆ, ಬೆನ್ನಿಗೇ ಬೇರೊಂದು ಅನ್ನಿಸಿತು: ಈ ಊರಿಗೆ ಇವಳು ಬಂದರೆ ಮೊದಲು ಯಾರ ಬಾಗಿಲು ಬಿಚ್ಚುತ್ತಾಳೆ? ಅವಳು ಕೈಚೀಲವನ್ನು ತೊಡೆಯ ಮೇಲೆ ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡಳು.

ಅವಳ ಗಂಡ ಬ್ಯಾರಿ ಸತ್ತದ್ದು ಕೋಳಿ ಬಿದ್ದು. ಹೇಗೆ ಹೇಳಿದರೂ ಆ ಮಾತು ನೆಟ್ಟಗೆ ನಿಲ್ಲುವುದಿಲ್ಲ. ಹಾವು ಕಚ್ಚಿ ಸಾಯುತ್ತಾರೆ, ಹೃದಯ ನಿಂತು ಸಾಯುತ್ತಾರೆ, ಬೇಸಿಗೆಯಲ್ಲಿ ಬೆಂಕಿ ನಂದಿಸಲು ಹೋದವರು ವಾಪಸು ಬರದಿರುವುದೂ ಉಂಟು, ಅವರ ಹೆಸರನ್ನು ಭವನದ ಗೋಡೆಯಲ್ಲಿ ಕೆತ್ತುತ್ತಾರೆ. ಪಕ್ಕದ ಊರಿನವರು ಹೆದ್ದಾರಿಯ ಬದಿಗೆ ಮನೆಯಷ್ಟೆತ್ತರದ ಕಲ್ಲಂಗಡಿ ಹಣ್ಣು ನಿಲ್ಲಿಸಿ, ಕಾರಿನವರೆಲ್ಲ ಅಲ್ಲಿ ನಿಂತು ಫೋಟೋ ತೆಗೆಸಿಕೊಂಡು ಚಹಾ ಕುಡಿದು ಹೋಗಲು ಶುರು ಮಾಡಿದಾಗ, ಮೊಟ್ಟೆಗೆ ಹೆಸರಾದ ಕೂಲ್‌ಬಿನ್‌ಗೆ ಹೊಟ್ಟೆಯುರಿ ಹತ್ತಿತು. ದೊಡ್ಡ ಕೋಳಿಯೊಂದನ್ನು ಫೈಬರಿನಲ್ಲಿ ಮಾಡಿಸಿದರು. ಬಣ್ಣ ಹಚ್ಚಿದವನು ಅದಕ್ಕೆ ಉದ್ದುದ್ದ ಕಣ್ರೆಪ್ಪೆ ಬರೆದಿದ್ದ. "ಕೋಳಿಗೆ ಎಲ್ಲಾದ್ರೂ ರೆಪ್ಪೆ ಇರುತ್ತೇನ್ರೋ, ಸಿನಿಮಾ ನಟಿ ತರ ಇದೆ" ಅಂತ ಬ್ಯಾರಿ ವಾರವಿಡೀ ಜಗಳವಾಡಿದ. ಅದನ್ನು ಹೆದ್ದಾರಿ ಬದಿಯ ಕಟ್ಟೆಯ ಮೇಲೆ ಎತ್ತಿಡುವ ದಿನ ಭಾರ ಎತ್ತುವ ಲೋಡರ್ ನಡೆಸಿದವನು ಕ್ಲೆಮ್, ಬ್ಯಾರಿಯ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು, ಮದುವೆಯಾಗದೆ ಉಳಿದವನು. ಕೋಳಿಯನ್ನು ಲೋಡರಿಗೆ ತೂಗುಹಾಕುವ ಪಟ್ಟಿಯ ಉದ್ದ ಸಾಲಲಿಲ್ಲ. "ಪೇಟೆಗೆ ಹೋಗಿ ಬೇರೆ ಪಟ್ಟಿ ತರೋಣ" ಅಂದಳು ನೋಲೀನ್. "ಏನಾಗಲ್ಲ ಬಿಡು, ನಮ್ಮ ಗಾಡೀಲಿ ಹುಲ್ಲಿನ ಹಗ್ಗ ಇದೆಯಲ್ಲ, ತಗೊಂಬಾ" ಅಂದ ಬ್ಯಾರಿ. ಹುಲ್ಲಿನ ಪಿಂಡಿ ಕಟ್ಟುವ ಆ ಕಿತ್ತಳೆ ಬಣ್ಣದ ಹಗ್ಗದಿಂದಲೇ ಅಲ್ಲಿಯ ಬೇಲಿ, ಗೇಟು, ಗಾಡಿಯ ಬಂಪರು, ಕೆಲವರ ಪ್ಯಾಂಟು ಕೂಡ ನಿಂತಿರುತ್ತವೆ. ಅವಳು ತಂದುಕೊಟ್ಟಳು. ಬ್ಯಾರಿ ತಾನೇ ಗಂಟು ಹಾಕಿದ, ಬೇರೆಯವರ ಗಂಟಿನ ಮೇಲೆ ಅವನಿಗೆ ನಂಬಿಕೆಯಿರಲಿಲ್ಲ. ಅವನ ಗಂಟು ಎಂಥದೆಂದು ಅವಳಿಗೆ ಮೂವತ್ತು ವರ್ಷದಿಂದ ಗೊತ್ತು. ಅವನು ಕಟ್ಟಿದ ಬಟ್ಟೆ ಒಣಗಿಸುವ ಹಗ್ಗ ವರ್ಷಕ್ಕೆ ನಾಲ್ಕು ಸಲ ಒದ್ದೆ ಬಟ್ಟೆಯ ಸಮೇತ ಮಣ್ಣಿಗೆ ಬೀಳುತ್ತಿತ್ತು. ಆಮೇಲೆ ಅವನು ಕೋಳಿಯ ಕೆಳಗೆ ನಿಂತು ಕೈ ಬೀಸಿದ. "ಎಡಕ್ಕೆ, ಎಡಕ್ಕೆ, ನಿನ್ನ ಎಡ ಅಲ್ಲ ಕಣೋ, ಕೋಳೀ ಎಡ!"

ಅದೇ ಕೊನೆಯ ಮಾತು. ಸಾವಿನ ವಿಚಾರಣೆ ನಡೆಸಿದ ಅಧಿಕಾರಿ ಅದನ್ನು ಓದುವಾಗ ಕನ್ನಡಕ ತೆಗೆದು ಒರೆಸಿಕೊಂಡ, ಮತ್ತೆ ಹಾಕಿಕೊಂಡ, ಮತ್ತೆ ತೆಗೆದ. ಪಾದ್ರಿ ಶವಸಂಸ್ಕಾರದಲ್ಲಿ ಕೋಳಿ ಅನ್ನಲಾರದೆ "ಆ ವಸ್ತು" ಅಂದ, "ಆ ವಸ್ತು ನಮ್ಮ ಸಹೋದರನ ಮೇಲೆ ಇಳಿದಾಗ" ಅಂದ. ಬೆಂಚಿನಲ್ಲಿ ಕೂತಿದ್ದ ನೋಲೀನ್‌ಗೆ ನಗೆ ಉಕ್ಕಿ ಬಂತು. ಕರವಸ್ತ್ರವನ್ನು ಬಾಯಿಗೆ ತುರುಕಿಕೊಂಡಳು, ಹೆಗಲು ಕುಲುಕಿತು. ಹಿಂದಿನಿಂದ ಕೋರಲ್ ಬೆನ್ನು ಸವರಿ, "ಅತ್ತುಬಿಡು ಕಣೇ, ಅತ್ತುಬಿಡು" ಅಂದಳು. ಅಂದಿನಿಂದ ಅವಳು ನಕ್ಕಿಲ್ಲ. ನಗಲು ಬಾಯಿ ತೆರೆದರೆ ನಗೆಯ ಹಿಂದೆಯೇ ಇನ್ನೊಂದು ಮಾತೂ ಹೊರಗೆ ಬಂದೀತು ಅನ್ನುವ ಭಯ. ವಿಚಾರಣೆಯಲ್ಲಿ ಕ್ಲೆಮ್ "ಲೋಡರ್ ನಡೆಸ್ತಿದ್ದೋನು ನಾನೇ" ಅಂದಷ್ಟೇ ಹೇಳಿ ಕೂತ. ಬ್ಯಾರಿಯನ್ನು ಹೊರಗೆಳೆಯುವ ಗಡಿಬಿಡಿಯಲ್ಲಿ ಹಗ್ಗವನ್ನು ಕತ್ತರಿಸಿ ಬಿಸಾಡಿದ್ದರು, ಗಂಟು ಯಾರದೆಂದು ಯಾರೂ ಕೇಳಲಿಲ್ಲ. "ನೀವೇನಾದರೂ ಹೇಳುವುದಿದೆಯೇ?" ಅಂತ ಅವಳನ್ನು ಕೇಳಿದರು. ಅವಳು ಇಲ್ಲ ಅಂದಳು. ಸತ್ತ ಗಂಡನ ಮೇಲೆ ಅಷ್ಟು ದೊಡ್ಡ ಕೋಳಿ ಬಿದ್ದಿದೆ, ತಾನೂ ಒಂದು ಕಲ್ಲು ಹಾಕುವುದೇ ಅನ್ನಿಸಿತ್ತು. ಆಕಸ್ಮಿಕ ಸಾವು ಎಂದು ಬರೆದು ಮುಗಿಸಿದರು.

ಸರ್ಕಾರ ಮುಗಿಸಿತು, ಊರು ಮುಗಿಸಲಿಲ್ಲ. ಯಾರೂ ಪಂಚಾಯ್ತಿ ಸೇರಿಸಲಿಲ್ಲ, ಯಾರೂ ತೀರ್ಪು ಓದಲಿಲ್ಲ. ಬೆಂಕಿದಳಕ್ಕೆ ಹಣ ಕೂಡಿಸಲು, ಓಟಿನ ದಿನ ಶಾಲೆಯ ಮುಂದೆ, ಫುಟ್ಬಾಲ್ ಪಂದ್ಯಕ್ಕೆ, ಎಲ್ಲೆಲ್ಲಿ ಸಾಸೇಜು ಸುಡುತ್ತಾರೋ ಅಲ್ಲೆಲ್ಲ ಇಕ್ಕಳ ಹಿಡಿಯುವವನು ಕ್ಲೆಮ್. ಅವನ ಅಪ್ಪನೂ ಹಿಡಿಯುತ್ತಿದ್ದ. ಬ್ಯಾರಿಯ ಮಣ್ಣಾದ ಮೇಲಿನ ಮೊದಲ ಶನಿವಾರ ಅವನು ಇಕ್ಕಳಕ್ಕೆ ಕೈ ಚಾಚಿದಾಗ ಮರ್ವ್ ಅದನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡು, "ನೀನು ಕೂತ್ಕೋಪ್ಪ ಕ್ಲೆಮ್, ಸುಸ್ತಾಗಿದ್ದೀಯ" ಅಂದ. ಕ್ಲೆಮ್ ಕೂತ. ಆಮೇಲೆ ಎದ್ದಿಲ್ಲ. ಭವನಕ್ಕೆ ಬರುವ ಪ್ರತಿಯೊಬ್ಬರೂ ಒಂದು ತಟ್ಟೆ ತಿಂಡಿ ತರುವುದು ಅಲ್ಲಿಯ ರೂಢಿ, ತಟ್ಟೆ ಖಾಲಿಯಾಗಿ ಮನೆಗೆ ಹೋಗುವುದು ಮಾನ, ತುಂಬಿಯೇ ಹೋದರೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಕ್ಲೆಮ್ ತಿಂಗಳು ತಿಂಗಳೂ ಲ್ಯಾಮಿಂಗ್ಟನ್ ತರುತ್ತಿದ್ದ, ಚಾಕೊಲೇಟಿನಲ್ಲಿ ಅದ್ದಿ ತೆಂಗಿನತುರಿಯಲ್ಲಿ ಹೊರಳಿಸಿದ ಚೌಕ ಚೌಕದ ಕೇಕು. ಒಬ್ಬರೂ ಮುಟ್ಟುತ್ತಿರಲಿಲ್ಲ. ಅವನು ಹಾಗೇ ಬಟ್ಟೆ ಮುಚ್ಚಿಕೊಂಡು ವಾಪಸು ಒಯ್ಯುತ್ತಿದ್ದ. ನೋಲೀನ್ ಅದನ್ನು ಓರೆಗಣ್ಣಿನಲ್ಲಿ ನೋಡುತ್ತಿದ್ದಳು. ಮೊದಲ ವರ್ಷ ಎದೆ ತಣ್ಣಗಾಗುತ್ತಿತ್ತು, ಸುಳ್ಳು ಯಾಕೆ ಹೇಳಬೇಕು. ಎರಡನೇ ವರ್ಷ ಅದೂ ಒಂದು ಅಭ್ಯಾಸವಾಯಿತು. ಈಚೆಗೆ ಆ ತಟ್ಟೆ ಕಂಡರೆ ಬಿಸಿತುಪ್ಪ ಬಾಯಲ್ಲಿಟ್ಟುಕೊಂಡಂತೆ, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ.

ಪರದೆಯಲ್ಲಿ ಈಗ ವಿಧವೆ ತನ್ನ ಸ್ವಂತ ತಂಗಿಯ ಮನೆಯ ಬಾಗಿಲಿಗೆ ಸ್ಕ್ರೂಡ್ರೈವರ್ ಹಚ್ಚಿದ್ದಳು. ತಂಗಿ ಒಳಗಿನಿಂದ ಕೇಳಿದಳು: "ಅವತ್ತು ನೀನೂ ಅಲ್ಲೇ ಇದ್ದೆಯಲ್ಲ ಅಕ್ಕಾ, ನೀನೇನು ನೋಡಿದೆ?" ಅಷ್ಟರಲ್ಲಿ ದೀಪ ಹತ್ತಿತು. ಚಹಾದ ಬಾಯ್ಲರು ಕುದಿದಾಗ ಸಿನಿಮಾ ಎಲ್ಲಿದ್ದರೂ ನಿಲ್ಲಬೇಕು, ಅದು ಭವನದ ಕಾನೂನು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗೆ ನೋಲೀನ್ ಕೆನ್ನೆ ಮುಟ್ಟಿಕೊಂಡಳು. ಸುಡುತ್ತಿತ್ತು.

ತಿಂಡಿಯ ಕೋಣೆಯಲ್ಲಿ ಎಲ್ಲರೂ ಅವಳಿಗೆ ದಾರಿ ಬಿಟ್ಟರು. ಮೇಜಿನ ತುಂಬ ಸ್ಯಾಂಡ್‌ವಿಚ್ಚು, ಮೊಟ್ಟೆಯ ಕಡುಬು, ಜಾಮು ಹಚ್ಚಿದ ಬನ್ನು. ತುದಿಯಲ್ಲಿ, ಉಪ್ಪಿನ ಡಬ್ಬಿಯ ಪಕ್ಕ, ಕ್ಲೆಮ್‌ನ ತಟ್ಟೆ. ಕ್ಲೆಮ್ ಎಂದಿನಂತೆ ಹೊರಗೆ ಹೋಗಿದ್ದ, ತನ್ನ ತಟ್ಟೆಯನ್ನು ಜನ ದಾಟಿಕೊಂಡು ಹೋಗುವುದನ್ನು ನೋಡಬಾರದು ಅಂತ ಚಹಾದ ಹೊತ್ತಿಗೆ ಹೊರಗಿರುವುದನ್ನು ಕಲಿತಿದ್ದ.

"ತುಂಬಾ ಜಾಸ್ತಿ ಆಯ್ತೇನೇ?" ಕೋರಲ್ ಅವಳ ಮೊಣಕೈ ಹಿಡಿದಳು. "ನಿಲ್ಲಿಸ್ಬಿಡ್ಲಾ? ಕುದುರೇದೂ ತಂದಿಟ್ಟಿದ್ದೀನಿ."

ನೋಲೀನ್ ಮೊಣಕೈ ಬಿಡಿಸಿಕೊಂಡು ನೇರ ಮೇಜಿನ ತುದಿಗೆ ಹೋದಳು. ಕಪ್ಪು ಬಸಿಗಳ ಸದ್ದು ನಿಂತಿತು. ಅವಳು ಒಂದು ಲ್ಯಾಮಿಂಗ್ಟನ್ ಎತ್ತಿ ಬಾಯಿಗಿಟ್ಟು ಕಚ್ಚಿದಳು. ಹಲ್ಲು ಇಳಿಯಲಿಲ್ಲ. ಇನ್ನೊಂದು ಕಡೆಯಿಂದ ಪ್ರಯತ್ನಿಸಿದಳು, ದವಡೆಯಲ್ಲೇನೋ ಕಟ್ ಅಂದಿತು. ಇಡೀ ಊರು ನೋಡುತ್ತಿರುವಾಗ ಉಗುಳುವುದು ಹೇಗೆ, ಬಾಯಲ್ಲಿಟ್ಟುಕೊಂಡೇ ಮಾತಾಡಿದಳು.

"ಗಂಟು ಬ್ಯಾರೀದು. ಹಗ್ಗ ತಂದುಕೊಟ್ಟೋಳು ನಾನು. ಕ್ಲೆಮ್‌ದು ಏನೂ ತಪ್ಪಿಲ್ಲ."

ಆಕಾಶ ಬೀಳುತ್ತದೆ, ಯಾರಾದರೂ ಚೀರುತ್ತಾರೆ, ಕಡೇಪಕ್ಷ ಒಂದು ಕಪ್ಪಾದರೂ ಒಡೆಯುತ್ತದೆ ಅಂತ ಕಾದಳು. ಕೋರಲ್ ಸಕ್ಕರೆ ಕದಡುವುದನ್ನು ಮುಂದುವರಿಸಿದಳು.

"ಗೊತ್ತು ಕಣೇ" ಅಂದಳು.

"ಏನ್ ಗೊತ್ತು?"

"ಬ್ಯಾರಿ ಗಂಟು ಯಾರಿಗೆ ಗೊತ್ತಿಲ್ಲ ಹೇಳು. ನಮ್ಮ ಹಸು ಎರಡು ಸಲ ಬಿಚ್ಕೊಂಡು ಹೆದ್ದಾರಿಗೆ ಹೋಗಿತ್ತು ಅವನು ಕಟ್ಟಿದ್ ಮೇಲೆ."

"ನನ್ನ ದೋಣಿ" ಅಂದ ಮರ್ವ್. "ಅದು ಇವತ್ತಿಗೂ ಸಿಕ್ಕಿಲ್ಲ."

"ಮತ್ತೆ ಕ್ಲೆಮ್‌ಗೆ ಯಾಕೆ..."

"ನಿಂಗೋಸ್ಕರ ಕಣಮ್ಮಾ!" ಮರ್ವ್‌ನ ದನಿಯಲ್ಲಿ ಇಷ್ಟು ದಿನದ ಸಂಕಟವೆಲ್ಲ ಇತ್ತು. "ನಿಂಗೆ ಬೇಜಾರಾಗ್ಬಾರ್ದು ಅಂತ. ನಂಗೆ ಲ್ಯಾಮಿಂಗ್ಟನ್ ಅಂದ್ರೆ ಪ್ರಾಣ, ಗೊತ್ತಾ? ಆ ಇಕ್ಕಳ ಹಿಡ್ಕೊಂಡು ಹಿಡ್ಕೊಂಡು ನನ್ನ ಕೈ ನೋಡು, ಎಲ್ಲಾ ಬೊಬ್ಬೆ. ನಂಗೆ ಸಾಸೇಜ್ ಸುಡೋಕೆ ಬರಲ್ಲ, ತಿನ್ನೋರಿಗೂ ಗೊತ್ತು."

"ಒಂದು ಮಾತು ಹೇಳ್ಬಾರ್ದಿತ್ತಾ ನೀವು?"

"ನಾವ್ ಹೆಂಗೆ ಹೇಳೋದು?" ಅಂದಳು ಕೋರಲ್. "ನೀನು ಹೇಳ್ಬೇಕಿತ್ತು. ನೀನು ಹೇಳ್ಲಿಲ್ಲ. ಹೇಳೋವರ್ಗೂ ಕಾಯೋಣ ಅಂತ ಇದ್ವಿ." ಆಮೇಲೆ ಅಷ್ಟೇ ಮೆಲ್ಲಗೆ, "ಬನ್ನು ತಗೋತೀಯಾ?"

ನೋಲೀನ್‌ಗೆ ಸಿಟ್ಟು ಬಂತು. ನಾಚಿಕೆಯೂ ಬಂತು, ಆದರೆ ಸಿಟ್ಟು ಮೊದಲು. ತಾನು ಎದೆಯಲ್ಲಿ ಬಚ್ಚಿಟ್ಟು ಕಾವಲು ಕೂತದ್ದನ್ನು ಇವರೆಲ್ಲ ದಿನಾ ನೋಡುತ್ತಾ, ಬಟ್ಟೆ ಒದ್ದೆ ಮಾಡಿಕೊಂಡ ಮಗುವಿನ ಮುಂದೆ ಕಾಣದವರಂತೆ ನಡೆದುಕೊಂಡಿದ್ದರು. ಅವಳಿಗೆ ಬಾಗಿಲೇ ಇರಲಿಲ್ಲ, ಕಕ್ಕಸಿನಲ್ಲಿ ಕೂತ ಆ ನ್ಯಾಯಾಧೀಶನ ಹಾಗೆ ಗತ್ತಿನಿಂದ ತಲೆಯಾಡಿಸುತ್ತಾ ಕೂತಿದ್ದಳು. ಅವಳ ಮರ್ಯಾದೆ ಉಳಿಸಲಿಕ್ಕೆ ಒಬ್ಬ ಮನುಷ್ಯನನ್ನು ಅಷ್ಟು ವರ್ಷ ಉಪ್ಪಿನ ಡಬ್ಬಿಯ ಪಕ್ಕಕ್ಕೆ ತಳ್ಳಿಟ್ಟಿದ್ದರು, ಅದೂ ಪ್ರೀತಿಯಿಂದ. ಅವಳು ಕ್ಲೆಮ್‌ನ ತಟ್ಟೆಯನ್ನು ಎತ್ತಿಕೊಂಡು ಹಿಂದಿನ ಬಾಗಿಲಿಂದ ಹೊರಗೆ ನಡೆದಳು. ಹಿಂದೆ ಸಿನಿಮಾದ ಗಂಟೆ ಹೊಡೆಯಿತು, ಜನ ಕುರ್ಚಿಗಳ ಕಡೆ ಹೊರಟರು. ದುಃಖ ದುಃಖವೇ, ಸಿನಿಮಾದ ಉಳಿದರ್ಧ ಬಿಡಲಿಕ್ಕಾಗುತ್ತದೆಯೇ.

ಹಿತ್ತಲಲ್ಲಿ ಬಿಸಿಲು ಸುರಿಯುತ್ತಿತ್ತು. ನೀರಿನ ಟ್ಯಾಂಕಿನ ನೆರಳಿನಲ್ಲಿ ಕ್ಲೆಮ್ ಬಕೆಟ್ ಬೋರಲು ಹಾಕಿ ಕೂತು ನೊಣ ಓಡಿಸುತ್ತಿದ್ದ. ಅವನ ಪಕ್ಕದಲ್ಲಿ, ಟಾರ್ಪಾಲು ಹೊದ್ದು ಗೋಡೆಗೆ ಮುಖಮಾಡಿ, ಕೋಳಿ. ಅವತ್ತು ಅದಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ಅದನ್ನು ನಿಲ್ಲಿಸುವ ಮನಸ್ಸು ಯಾರಿಗೂ ಬರಲಿಲ್ಲ, ಒಡೆದುಹಾಕುವ ಮನಸ್ಸೂ ಬರಲಿಲ್ಲ. ಕ್ಲೆಮ್ ಅವಳನ್ನು ಕಂಡು ಎದ್ದು ನಿಂತ, ಟೋಪಿ ತೆಗೆದ, ತಟ್ಟೆ ಕಂಡು ಇನ್ನೂ ಗಾಬರಿಯಾದ.

"ಅದನ್ನ ತಿಂದ್ಯಾ?"

"ತಿಂದೆ."

"ಯಾಕೆ ತಿಂದೆ?"

"ಯಾಕೆ ಅಂದ್ರೇನು? ತಿನ್ನೋಕೆ ತಾನೇ ತಂದಿರೋದು? ಕಲ್ಲಾಗಿದೆ ಕಣೋ. ಯಾವಾಗ ಮಾಡಿದ್ದು?"

ಕ್ಲೆಮ್ ಟೋಪಿಯ ಅಂಚು ತಿರುಗಿಸಿದ. "ಹೇಗೂ ಯಾರೂ ತಿನ್ನಲ್ಲ. ತಿಂಗ್ಳೂ ತಿಂಗ್ಳೂ ಹೊಸಾದು ಮಾಡೋದು ಯಾಕೆ ದಂಡ ಅಂತ, ವಾಪಸ್ ಒಯ್ದು ಫ್ರೀಜರ್‌ನಲ್ಲಿಡ್ತೀನಿ. ಮತ್ತೆ ತರ್ತೀನಿ. ಇದು ಈಸ್ಟರ್‌ಗೆ ಮಾಡಿದ್ದು."

"ಯಾವ ಈಸ್ಟರ್‌ಗೆ?"

ಕ್ಲೆಮ್ ಟೋಪಿಯನ್ನು ತಲೆಗೇರಿಸಿ ಕಣ್ಣಿನವರೆಗೂ ಎಳೆದುಕೊಂಡ.

ನೋಲೀನ್ ಬಾಯಲ್ಲಿ ಉಳಿದಿದ್ದ ತೆಂಗಿನತುರಿಯನ್ನು ನಾಲಿಗೆಯ ತುದಿಯಿಂದ ತೆಗೆದು ಕೈ ಒರೆಸಿಕೊಳ್ಳಲು ಜಾಗ ಹುಡುಕಿ, ಕೊನೆಗೆ ಟಾರ್ಪಾಲಿಗೇ ಒರೆಸಿದಳು. "ಒಳಗೆ ಹೇಳಿಬಂದೆ" ಅಂದಳು. "ಗಂಟಿನ ವಿಷಯ. ಅವರಿಗೆಲ್ಲ ಮೊದ್ಲೇ ಗೊತ್ತಿತ್ತಂತೆ."

"ಹೂಂ."

"ಅವರಿಗೆ ಗೊತ್ತಿರೋದು ನಿಂಗೂ ಗೊತ್ತಿತ್ತಾ?"

"ಹೂಂ."

"ನೀನ್ಯಾಕೆ ಬಾಯಿ ಬಿಡ್ಲಿಲ್ಲ, ಪುಣ್ಯಾತ್ಮ?"

"ಯಾರೂ ಕೇಳ್ಲಿಲ್ಲ" ಅಂದ ಕ್ಲೆಮ್. ಮುಖದ ಮೇಲಿನ ನೊಣ ಓಡಿಸಿ, "ಎಡ ಅಂದಾಗ ನಾನು ನನ್ನ ಎಡಕ್ಕೆ ತಿರುಗಿಸಿದ್ದೆ. ಅದೂ ಇತ್ತಲ್ಲ" ಅಂದ. ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ. ಅವಳಿಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ, ಬ್ಯಾರಿ ಇವನಿಗೂ ಸತ್ತಿದ್ದ ಅಂತ. ಹೆಂಡತಿಗೆ ಊರೆಲ್ಲ ಕಡುಬು ತಂದುಕೊಟ್ಟಿತು, ಗೆಳೆಯನ ಮನೆಯ ಗೇಟನ್ನು ಯಾರೂ ತೆರೆಯಲಿಲ್ಲ. "ತಪ್ಪಾಯ್ತು ಕಣೋ ಕ್ಲೆಮ್" ಅಂದಳು. ನಿಜವಾಗಿಯೂ ಕ್ಷಮೆ ಬೇಡುವವಳ ದನಿಯಲ್ಲಿ ಅಂದಳು. ಅಷ್ಟರಲ್ಲಿ ತಗಡಿನ ಗೋಡೆ ನಡುಗುವ ಹಾಗೆ ಭವನದೊಳಗಿಂದ ನಗೆ ಎದ್ದಿತು. ಇಡೀ ಊರಿನ ನಗೆ. ಕುದುರೆ ಕೆನೆದಂಥ ಮರ್ವ್‌ನ ನಗೆ ಬೇರೆಯಾಗಿಯೇ ಕೇಳುತ್ತಿತ್ತು. ಒಮ್ಮೆ ನಿಂತು ಮತ್ತೆ ಎದ್ದಿತು. ಅವಳು ಹೊರಗೆ ಬಂದದ್ದೇ ತಡ, ಪಾಪ, ಕಟ್ಟಿಟ್ಟದ್ದನ್ನೆಲ್ಲ ಬಿಚ್ಚಿಕೊಂಡಿದ್ದರು.

"ನಾನಿಲ್ಲ ಅಂತ ನಗ್ತಿದ್ದಾರೆ" ಅಂದಳು.

"ಒಳ್ಳೇ ಸಿನಿಮಾ ಅನ್ಸುತ್ತೆ" ಅಂದ ಕ್ಲೆಮ್.

"ಕೋಳೀನ ಒಂದ್ಸಲ ನೋಡ್ಬೇಕು ನಾನು."

ಕ್ಲೆಮ್ ಅವಳ ಮುಖ ನೋಡಿದ, ಬೇಡ ಅನ್ನಲಿಲ್ಲ. ಟಾರ್ಪಾಲನ್ನು ಸುತ್ತ ಬಿಗಿದದ್ದು ಅದೇ ಕಿತ್ತಳೆ ಹಗ್ಗದಿಂದ. ಅವಳು ತಟ್ಟೆಯನ್ನು ಅವನ ಕೈಗಿತ್ತು ಗಂಟಿಗೆ ಉಗುರು ಹಾಕಿದಳು. ಜಗ್ಗಿದಳು, ಒತ್ತಿದಳು, ಬಗ್ಗಿ ಹಲ್ಲು ಹಚ್ಚಿದಳು. ಉಗುರು ಮುರಿಯಿತು. ಗಂಟು ಕೂದಲೆಳೆಯಷ್ಟೂ ಜರುಗಲಿಲ್ಲ.

"ಯಾರು ಹಾಕಿದ್ದು ಇದನ್ನ?"

"ನಾನೇ. ಅವತ್ತು ಸಂಜೆ. ಬಿಚ್ಚೋಕಾಗಲ್ಲ ಅದನ್ನ, ಕುಯ್ಯಬೇಕು."

ನೋಲೀನ್ ಮುರಿದ ಉಗುರನ್ನು ನೋಡಿಕೊಂಡಳು, ಗಂಟನ್ನು ನೋಡಿದಳು. "ಬ್ಯಾರೀದಾಗಿದ್ರೆ" ಅಂದಳು, "ಇಷ್ಟೊತ್ತಿಗೆ ತಾನೇ ಬಿಚ್ಕೊಂಡು ಬಿದ್ದಿರ್ತಿತ್ತು."

ಕ್ಲೆಮ್‌ನ ಮೀಸೆಯ ತುದಿ ಮೊದಲು ಅಲುಗಿತು. ಅವನು ಜೇಬಿನಿಂದ ಚಾಕು ತೆಗೆದು ಹಗ್ಗ ಕುಯ್ದ, ಟಾರ್ಪಾಲು ಜಾರಿತು, ಧೂಳು ಹಾರಿತು. ರೆಪ್ಪೆಗಳ ನಡುವೆ ಜೇಡ ಬಲೆ ಕಟ್ಟಿತ್ತು, ಆದರೂ ಕೋಳಿ ಹೆದ್ದಾರಿಯ ಕಾರುಗಳಿಗೆಲ್ಲ ಕಣ್ಣು ಹೊಡೆಯಲು ಸಿಂಗರಿಸಿಕೊಂಡು ನಿಂತ ಹಾಗೆ ಗೋಡೆಯನ್ನು ನೋಡುತ್ತಿತ್ತು. ನೋಲೀನ್‌ಗೆ ನಗೆ ಬಂತು. ಈ ಸಲ ತಡೆಯಲಿಲ್ಲ. ಟ್ಯಾಂಕು ಹಿಡಿದುಕೊಂಡು ನಕ್ಕಳು, ಕೂತು ನಕ್ಕಳು, ನಗುತ್ತಲೇ ಕಣ್ಣಿಂದ ನೀರು ಸುರಿದು ಗದ್ದದಿಂದ ತೊಟ್ಟಿಕ್ಕಿತು. "ಕೋಳೀ ಎಡ" ಅಂದಳು, ಮತ್ತೆ ಉಸಿರು ಕಟ್ಟುವಂತೆ ನಕ್ಕಳು. ಕ್ಲೆಮ್ ತಟ್ಟೆ ಹಿಡಿದುಕೊಂಡೇ ಅಳುತ್ತಿದ್ದನೋ ನಗುತ್ತಿದ್ದನೋ ಅವನಿಗೇ ತಿಳಿಯುತ್ತಿರಲಿಲ್ಲ.

ಭವನದೊಳಗಿನ ನಗೆ ಗಕ್ಕನೆ ನಿಂತಿತು. ಹಿಂದಿನ ಬಾಗಿಲು ಕಿರ್ರೆಂದು ತೆರೆದು ಕೋರಲ್ ತಲೆ ಹೊರಗೆ ಹಾಕಿದಳು. ಅವಳ ಹಿಂದೆ ಮರ್ವ್‌ನ ತಲೆ, ಅದರ ಹಿಂದೆ ಇನ್ನಷ್ಟು ತಲೆಗಳು. ಅವರು ಕೋಳಿಯನ್ನು ನೋಡಿದರು, ನೆಲದಲ್ಲಿ ಕೂತ ನೋಲೀನ್‌ಳನ್ನು ನೋಡಿದರು, ಏನು ಮಾಡಬೇಕೆಂದು ತೋಚದೆ ನಿಂತರು. ಕೋರಲ್ ಊರಿಗೆ ದೊಡ್ಡವಳು, ಅವಳಿಗೆ ತೋಚಿತು. ಮೆಟ್ಟಿಲಿಳಿದು, ಎಲ್ಲರಿಗೂ ಕಾಣುವ ಹಾಗೆ ನಡೆದು ಬಂದು, ಕ್ಲೆಮ್‌ನ ಮುಂದೆ ನಿಂತು, "ನಂಗೊಂದು ಕೊಡಪ್ಪ" ಅಂದಳು. "ಮರ್ವ್, ನೀನೂ ಬಾ. ನಿಂಗೆ ಎರಡು."

ಕ್ಲೆಮ್ ಅದು ಯಾವ ಕಾಲದ್ದೆಂದು ಹೇಳಲು ಬಾಯಿ ತೆರೆದ. ನೋಲೀನ್ ಕೂತಲ್ಲಿಂದಲೇ ಕಾಲು ಚಾಚಿ ಅವನ ಪಾದವನ್ನು ಗಟ್ಟಿಯಾಗಿ ಒತ್ತಿದಳು. ಅವನು ಬಾಯಿ ಮುಚ್ಚಿ ತಟ್ಟೆಯನ್ನು ಮುಂದೆ ಹಿಡಿದ.